ದೂರಿನ ಕಾಗದ ಮತ್ತೆ ಅದೇ ಠಾಣೆಗೆ ಹೋಗದಿರಲಿ: ಐರ್ಲೆಂಡಿನ ನ್ಯಾಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು 11 ವರ್ಷದಿಂದ ಡಬ್ಲಿನ್‌ನಲ್ಲಿರುವ ಕನ್ನಡಿಗ. ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ಕೆಲಸ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ತಮ್ಮ ಕಚೇರಿಗೆ ಅಂಚೆಯಲ್ಲಿ ಹಾಕಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದು ಇಲ್ಲಿರುವ ನಮ್ಮ ಜನವೂ ಓದಲಿ ಅಂತ. ಪೊಲೀಸರ ಮೇಲೆ ದೂರು ಕೊಡುವ ಸಂದರ್ಭ ಬಂದರೆ ನಮ್ಮಲ್ಲಿ ಎಷ್ಟೋ ಜನ ಸುಮ್ಮನಾಗಿಬಿಡುತ್ತಾರೆ. ಅದು ಯಾಕೆ ಅಂತ ತಮಗೆ ಹೇಳಬೇಕಾಗಿದೆ.

ಮೊದಲು ನಮ್ಮ ತಂದೆಯವರ ವಿಷಯ. ನಾನಾಗ ಆರನೇ ಕ್ಲಾಸು. ಹೊಲದ ಬದುವಿನ ಜಗಳಕ್ಕೆ ಅಪ್ಪ ಠಾಣೆಗೆ ಹೋಗಿದ್ದರು. ದೂರು ಬರೆದುಕೊಳ್ಳುವ ಬದಲು ಅಲ್ಲಿದ್ದ ದಫೇದಾರ ಅವರ ಕೆನ್ನೆಗೆ ಹೊಡೆದು ಕಳಿಸಿದ. ಅಪ್ಪ ತಾಲ್ಲೂಕು ಕಚೇರಿ ಮುಂದೆ ಅರ್ಜಿ ಬರೆಯುವವರ ಹತ್ತಿರ ಕೂತು, ಮೇಲಿನ ಸಾಹೇಬರಿಗೆ ಒಂದು ಅರ್ಜಿ ಬರೆಸಿ, ರಿಜಿಸ್ಟರ್ ಪೋಸ್ಟ್ ಮಾಡಿದರು. ಮೂರು ವಾರ ಆದ ಮೇಲೆ ಅದೇ ದಫೇದಾರ ನಮ್ಮ ಮನೆ ಬಾಗಿಲಿಗೆ ಬಂದ. ಅವನ ಕೈಯಲ್ಲಿ ಅದೇ ಅರ್ಜಿ. ಮೂಲೆಯಲ್ಲಿ ಕೆಂಪು ಶಾಯಿಯ ಷರಾ: ‘ವಿಚಾರಿಸಿ ವರದಿ ಮಾಡಿ.’ ‘ಏನ್ರೀ, ನಮ್ಮ ಮೇಲೇ ಬರೆಸಿದೀರಂತೆ?’ ಅಂದ. ಅಮ್ಮ ಒಳಗಿನಿಂದ ನೀರು ತಂದುಕೊಟ್ಟಳು. ಅವನು ನೀರು ಕುಡಿದು, ಅಪ್ಪನ ಕೈಲಿ ಒಂದು ಸಹಿ ಹಾಕಿಸಿಕೊಂಡು ಹೋದ. ಅಪ್ಪ ಆಮೇಲೆ ಬದುಕಿರುವವರೆಗೂ ಯಾವ ಠಾಣೆ ಮೆಟ್ಟಿಲೂ ಹತ್ತಲಿಲ್ಲ.

ಇದು ಭಾರತದ ಕಥೆ, ನನಗೇಕೆ ಹೇಳುತ್ತೀಯ ಅಂತ ತಮಗೆ ಅನ್ನಿಸಬಹುದು. ನಾನೂ ಹಾಗೇ ಅಂದುಕೊಂಡಿದ್ದೆ, ಬಿಷಪ್ ಸ್ಟ್ರೀಟ್‌ನಲ್ಲಿರುವ ತಮ್ಮ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗುವವರೆಗೆ. ನೈಟ್ ಡ್ಯೂಟಿಯ ಮಾರನೇ ದಿನ ರಜೆ ಸಿಕ್ಕಾಗಲೆಲ್ಲ ಅಲ್ಲಿ ಹೋಗಿ ಕೂರುವ ಅಭ್ಯಾಸ ನನಗೆ. ಬ್ರಿಟಿಷರ ಕಾಲದಲ್ಲಿ ಐರ್ಲೆಂಡಿನ ಸರ್ಕಾರ ನಡೆಯುತ್ತಿದ್ದದ್ದು ಡಬ್ಲಿನ್ ಕ್ಯಾಸಲ್‌ನಿಂದ. ಅಲ್ಲಿ ಆಡಳಿತ ನೋಡಿಕೊಳ್ಳುತ್ತಿದ್ದ ಚೀಫ್ ಸೆಕ್ರೆಟರಿಯ ಕಚೇರಿಯ ಕಾಗದಗಳು ಈ ಪತ್ರಾಗಾರದಲ್ಲಿವೆ. 1818ರಿಂದ ಕ್ಯಾಸಲ್‌ಗೆ ಬಂದ ಪತ್ರಗಳಿಗೆ ವರ್ಷವಾರು ನಂಬರ್ ಹಾಕಿ ದಾಖಲು ಮಾಡಿದ್ದಾರೆ. 1922ರ ಜೂನ್ 30ರಂದು, ಅಂತರ್ಯುದ್ಧದಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ನ್ಯಾಯಾಲಯದ ಆವರಣದಲ್ಲಿದ್ದ ದಾಖಲೆ ಕಚೇರಿ ಸ್ಫೋಟದಲ್ಲಿ ಹಾಳಾಗಿ, ಶತಮಾನಗಳ ಕಾಗದ ಬೂದಿಯಾಯಿತು. ಇವು ಕ್ಯಾಸಲ್‌ನಲ್ಲೇ ಇದ್ದದ್ದರಿಂದ ಉಳಿದುಕೊಂಡವು. ದೊಡ್ಡವರ ಎಷ್ಟೋ ದಸ್ತಾವೇಜು ಸುಟ್ಟುಹೋದವು. ಬಡವರ ದೂರುಗಳು ಉಳಿದವು. ನನಗಂತೂ ಇದೊಂದು ದೊಡ್ಡ ಸಮಾಧಾನ.

ಆ ಕಟ್ಟುಗಳಲ್ಲಿ ಏನೆಲ್ಲ ಇದೆ! ಸಂತೆಯಲ್ಲಿ ಪೊಲೀಸರು ಹೊಡೆದರು ಅಂತ ದೂರು. ರಾತ್ರಿ ಮನೆಗೆ ನುಗ್ಗಿ ಹುಡುಕಿದರು ಅಂತ ದೂರು. ಮ್ಯಾಜಿಸ್ಟ್ರೇಟ್ ತನ್ನ ಒಕ್ಕಲಿನ ಪರ ತೀರ್ಪು ಕೊಟ್ಟ, ದೂರು ಬರೆದುಕೊಳ್ಳಲಿಕ್ಕೇ ಒಪ್ಪಲಿಲ್ಲ ಅಂತ ದೂರು. ಪೊಲೀಸರದ್ದೂ ಇವೆ. ಕೆಲಸದಿಂದ ತೆಗೆದ ಕಾನ್‌ಸ್ಟೇಬಲ್ ಮತ್ತೆ ಸೇರಿಸಿಕೊಳ್ಳಿ ಅಂತ ಬರೆದಿದ್ದಾನೆ. ಸತ್ತ ಪೊಲೀಸನ ಹೆಂಡತಿ ಮಕ್ಕಳ ಹೊಟ್ಟೆಗೆ ಏನಾದರೂ ಕೊಡಿ ಅಂತ ಕೇಳಿದ್ದಾಳೆ. ಹೆಚ್ಚಿನವು ಒಂದೇ ಅಚ್ಚಿನವು: ಇಂಥವನ ವಿನಮ್ರ ಅರಿಕೆ ಅಂತ ಶುರು, ಅರ್ಜಿದಾರ ಸದಾ ತಮಗಾಗಿ ಪ್ರಾರ್ಥಿಸುವನು ಅಂತ ಕೊನೆ. ಬರೆದ ಕೈ ಎಷ್ಟೋ ಸಲ ಅರ್ಜಿದಾರನದ್ದಲ್ಲ. ಅಕ್ಷರ ಬಾರದವರಿಗೆ ಊರಿನ ಹೆಡ್ಜ್ ಸ್ಕೂಲ್, ಅಂದರೆ ಹಳ್ಳಿಯ ಖಾಸಗಿ ಶಾಲೆಯ ಮೇಷ್ಟ್ರು ಬರೆದುಕೊಡುತ್ತಿದ್ದರು. ಮನ್‌ಸ್ಟರ್, ಕಾನಾಟ್ ಪ್ರಾಂತ್ಯಗಳ ಕಡೆಯ ಲಕ್ಷಾಂತರ ಜನಕ್ಕೆ ಮನೆಮಾತು ಐರಿಷ್. ಕ್ಯಾಸಲ್ಲಿಗೆ ಹೋಗುವ ಕಾಗದ ಮಾತ್ರ ಇಂಗ್ಲಿಷ್. ನೋವು ಒಂದು ಭಾಷೆಯಲ್ಲಿ, ಅರ್ಜಿ ಇನ್ನೊಂದು ಭಾಷೆಯಲ್ಲಿ. ಇದು ನಮಗೆ ಚೆನ್ನಾಗಿ ಗೊತ್ತಿರುವ ಪಾಡು.

ಕಾಗದವನ್ನು ತಿರುಗಿಸಿ ನೋಡಿದರೆ ಹಿಂಭಾಗದಲ್ಲಿ ಷರಾ ಇರುತ್ತದೆ. ಅಲ್ಲೇ ನನ್ನ ಕೈ ನಿಂತದ್ದು. ಇಂಥ ಮ್ಯಾಜಿಸ್ಟ್ರೇಟರಿಗೆ ಕಳಿಸಿ, ವರದಿ ತರಿಸಿ. ಇಂಥ ಇನ್‌ಸ್ಪೆಕ್ಟರ್ ಜನರಲ್ಲರಿಗೆ ಕಳಿಸಿ, ವರದಿ ತರಿಸಿ. ದೂರು ಯಾವ ಜಿಲ್ಲೆಯಿಂದ ಬಂತೋ ಅದೇ ಜಿಲ್ಲೆಯ ಅಧಿಕಾರಿಯ ಕೈಗೆ ಕಾಗದ ವಾಪಸ್. ಅವನು ವಿಚಾರಿಸಿ, ಅರ್ಜಿದಾರ ಒಳ್ಳೆಯವನಲ್ಲ ಅಂತ ಬರೆದರೆ ಅಲ್ಲಿಗೆ ಮುಗಿಯಿತು. ಸರ್ಕಾರ ಇದರಲ್ಲಿ ಕೈಹಾಕುವುದಿಲ್ಲ ಅನ್ನುವ ಒಂದೆರಡು ಸಾಲಿನ ಹಿಂಬರಹ ಹೋಗುತ್ತಿತ್ತು. ನಮ್ಮ ಮನೆ ಬಾಗಿಲಿಗೆ ಬಂದ ಆ ಕೆಂಪು ಶಾಯಿಯ ಸಾಲನ್ನು 200 ವರ್ಷ ಹಿಂದಿನ ಕಾಗದದ ಬೆನ್ನಿನ ಮೇಲೆ ನೋಡಿದ ಹಾಗಾಯಿತು.

ಕ್ಯಾಸಲ್‌ನಲ್ಲಿದ್ದವರೆಲ್ಲ ಕೆಟ್ಟವರೇನಲ್ಲ. ತಪ್ಪು ಇದ್ದದ್ದು ವ್ಯವಸ್ಥೆಯಲ್ಲೇ. 1787ರ ಕಾನೂನಿನಲ್ಲಿ ಬ್ಯಾರನಿಯ ಕಾನ್‌ಸ್ಟೇಬಲ್‌ಗಳನ್ನು ನೇಮಿಸುತ್ತಿದ್ದವರು ಗ್ರ್ಯಾಂಡ್ ಜ್ಯೂರಿಯ, ಅಂದರೆ ಜಿಲ್ಲೆಯ ಆಡಳಿತ ನೋಡುತ್ತಿದ್ದ ಮಂಡಳಿಯ, ಜಮೀನ್ದಾರರು. ಬ್ಯಾರನಿ ಅಂದರೆ ನಮ್ಮ ಹೋಬಳಿ ಥರ. 1814ರಲ್ಲಿ ಚೀಫ್ ಸೆಕ್ರೆಟರಿಯಾಗಿದ್ದ ರಾಬರ್ಟ್ ಪೀಲ್ ಶಾಂತಿಪಾಲನಾ ಪಡೆ ತಂದರು. ಗಲಭೆ ಇದೆ ಅಂತ ಸರ್ಕಾರ ಘೋಷಿಸಿದ ಕಡೆಗೆ ಅದು ಹೋಗುತ್ತಿತ್ತು. ಮೊದಲು ಹೋದದ್ದು ಟಿಪೆರೆರಿಯ ಮಿಡ್ಲ್‌ಥರ್ಡ್ ಬ್ಯಾರನಿಗೆ, ರಿಚರ್ಡ್ ವಿಲ್‌ಕಾಕ್ಸ್ ಅನ್ನುವವರ ಕೆಳಗೆ. ಅದರ ಖರ್ಚು ಆ ಬ್ಯಾರನಿಯ ಜನರ ತಲೆ ಮೇಲೆ. ತಪ್ಪು ಮಾಡಿದವನು, ಮಾಡದವನು ಎಲ್ಲರೂ ಕಟ್ಟಬೇಕು. ಪೊಲೀಸ್ ಬೇಕು ಅಂತ ಕೇಳಿದ ಮ್ಯಾಜಿಸ್ಟ್ರೇಟರೇ ಆಮೇಲೆ ಖರ್ಚು ಜಾಸ್ತಿ ಆಯಿತು, ವಾಪಸ್ ಕರೆಸಿಕೊಳ್ಳಿ ಅಂತ ಬರೆದದ್ದೂ ಉಂಟು.

1822 ಮುಖ್ಯವಾದ ವರ್ಷ. ಆಗಿನ ಚೀಫ್ ಸೆಕ್ರೆಟರಿ ಹೆನ್ರಿ ಗೋಲ್‌ಬರ್ನ್ ಇಡೀ ದೇಶಕ್ಕೆ ಕೌಂಟಿ, ಅಂದರೆ ಜಿಲ್ಲಾ ಪೊಲೀಸ್ ಮಾಡಲು ಹೊರಟರು. ಮೊದಲ ಕರಡಿನಲ್ಲಿ ನೇಮಕ ಪೂರ್ತಿ ಸರ್ಕಾರದ ಕೈಯಲ್ಲಿತ್ತು. ಜಮೀನ್ದಾರರು ಎದ್ದುನಿಂತರು. ಕೊನೆಗೆ ರಾಜಿಯಾಯಿತು. ಚೀಫ್ ಕಾನ್‌ಸ್ಟೇಬಲ್‌ನನ್ನು ಕ್ಯಾಸಲ್ ನೇಮಿಸುತ್ತದೆ, ಕೆಳಗಿನ ಕಾನ್‌ಸ್ಟೇಬಲ್‌ಗಳನ್ನು ಸ್ಥಳೀಯ ಮ್ಯಾಜಿಸ್ಟ್ರೇಟರು ನೇಮಿಸುತ್ತಾರೆ. ನಾಲ್ಕು ಪ್ರಾಂತ್ಯಕ್ಕೆ ನಾಲ್ಕು ಇನ್‌ಸ್ಪೆಕ್ಟರ್ ಜನರಲ್‌ಗಳು ಬಂದರು. ಮನ್‌ಸ್ಟರ್‌ಗೆ ಅದೇ ವಿಲ್‌ಕಾಕ್ಸ್, ಕಾನಾಟ್‌ಗೆ ಮೇಜರ್ ವಾರ್ಬರ್ಟನ್. ಈ ರಾಜಿಯಲ್ಲಿ ಸೋತವರು ದೂರು ಕೊಡುವ ಜನ. ಹೊಡೆದ ಕಾನ್‌ಸ್ಟೇಬಲ್ ಮ್ಯಾಜಿಸ್ಟ್ರೇಟನ ಮನುಷ್ಯ. ಮ್ಯಾಜಿಸ್ಟ್ರೇಟ್ ಆ ಊರಿನ ಜಮೀನ್ದಾರ. ದೂರು ವಿಚಾರಣೆಗೆ ಹೋಗುವುದೂ ಆ ಜಮೀನ್ದಾರನ ಹತ್ತಿರವೇ. ಹೊಲ ಗುತ್ತಿಗೆಗೆ ಕೊಟ್ಟವನ ಎದುರೇ ಒಕ್ಕಲಿನವನು ಸಾಕ್ಷಿ ಹೇಳಬೇಕು. ಯಾರು ಹೇಳುತ್ತಾರೆ?

ಸ್ಥಳೀಯರ ಮನಸ್ಸಿನಲ್ಲಿ ಏನು ಕೂಡಿಬಿದ್ದಿತ್ತು ಅಂತ 1831 ತೋರಿಸಿತು. ಆ ವರ್ಷ ಮೇ 23ರಂದು ವೆಸ್ಟ್‌ಮೀತ್‌ನ ಕ್ಯಾಸಲ್‌ಪೊಲಾರ್ಡ್ ಜಾತ್ರೆಯಲ್ಲಿ ಗಲಾಟೆಯಾಗಿ ಪೊಲೀಸರು ಗುಂಡು ಹಾರಿಸಿದರು. ಜನ ಸತ್ತರು. ಜುಲೈನಲ್ಲಿ ಮಲಿಂಗಾರ್‌ನಲ್ಲಿ ವಿಚಾರಣೆ ನಡೆದು ಪೊಲೀಸರು ಬಿಡುಗಡೆಯಾದರು. ಡಿಸೆಂಬರ್ 14ರಂದು ಕಿಲ್ಕೆನಿಯ ಕ್ಯಾರಿಕ್‌ಶಾಕ್‌ನಲ್ಲಿ ಚರ್ಚ್ ತೆರಿಗೆಯ ನೋಟಿಸ್ ಕೊಡಲು ಬಂದವನನ್ನೂ, ಅವನ ಕಾವಲಿಗಿದ್ದ ಹತ್ತಕ್ಕೂ ಹೆಚ್ಚು ಪೊಲೀಸರನ್ನೂ ಇಕ್ಕಟ್ಟಾದ ದಾರಿಯಲ್ಲಿ ಜನ ಕೊಂದರು. ಆ ಪೊಲೀಸರಿಗೂ ಹೆಂಡತಿ ಮಕ್ಕಳಿದ್ದರು. ಕೊಂದದ್ದನ್ನು ನಾನು ಸರಿ ಅನ್ನುವುದಿಲ್ಲ. ಒಂದು ಘಟನೆಯಿಂದಲೇ ಇನ್ನೊಂದು ಹುಟ್ಟಿತು ಅಂತಲೂ ಹೇಳುವುದಿಲ್ಲ. ಆದರೆ ಕಾಗದದಲ್ಲಿ ಉತ್ತರ ಸಿಗುತ್ತದೆ ಅನ್ನುವ ನಂಬಿಕೆ ಆ ದಾರಿಯಲ್ಲಿ ಕಲ್ಲು ಹಿಡಿದು ನಿಂತವರಿಗೆ ಉಳಿದಿರಲಿಲ್ಲ ಅನ್ನುವುದು ನನಗೆ ಸ್ಪಷ್ಟ.

ಸಚಿವರೇ, ತಮ್ಮ ದೇಶದ ಕಡತಗಳಲ್ಲಿ ನನಗೆ ಬಹಳ ಇಷ್ಟವಾದ ಮನುಷ್ಯ ಒಬ್ಬರಿದ್ದಾರೆ. ಥಾಮಸ್ ಡ್ರಮಂಡ್. ಸ್ಕಾಟ್ಲೆಂಡಿನ ಎಂಜಿನಿಯರ್. ಸರ್ವೆ ಕೆಲಸಕ್ಕೆ ಐರ್ಲೆಂಡಿಗೆ ಬಂದವರು, 1835ರಲ್ಲಿ ಕ್ಯಾಸಲ್‌ನಲ್ಲಿ ಚೀಫ್ ಸೆಕ್ರೆಟರಿಯ ಕೆಳಗಿನ ಅಂಡರ್ ಸೆಕ್ರೆಟರಿಯಾದರು. ಮಾರನೇ ವರ್ಷದ ಪೊಲೀಸ್ ಕಾನೂನು ಮ್ಯಾಜಿಸ್ಟ್ರೇಟರ ಕೈಯಿಂದ ಕಾನ್‌ಸ್ಟೇಬಲ್ ನೇಮಕವನ್ನು ಕಿತ್ತುಕೊಂಡಿತು. ಇಡೀ ದೇಶಕ್ಕೆ ಒಬ್ಬರೇ ಇನ್‌ಸ್ಪೆಕ್ಟರ್ ಜನರಲ್ ಬಂದರು. ಪೊಲೀಸರು ರಾಜಕೀಯ ಸಂಘಗಳಿಗೆ, ಗುಪ್ತ ಸಂಘಗಳಿಗೆ ಸೇರುವಂತಿಲ್ಲ ಅಂತಾಯಿತು. ಹುಟ್ಟಿದ ಕೌಂಟಿಯಲ್ಲಿ ಅವರಿಗೆ ಕೆಲಸ ಕೊಡುತ್ತಿರಲಿಲ್ಲ. ದೊಡ್ಡವರ ಮೇಲೆ ಮಾತು ಬಂದರೂ ಡ್ರಮಂಡ್ ಬಿಡುತ್ತಿರಲಿಲ್ಲ. 1837ರಲ್ಲಿ ಕರ್ನಲ್ ವರ್ನರ್ ಔತಣವೊಂದರಲ್ಲಿ ‘ಡೈಮಂಡ್ ಕಾಳಗ’ದ ನೆನಪಿಗೆ ಗ್ಲಾಸು ಎತ್ತಿದರು ಅಂತ ಸುದ್ದಿ ಬಂತು. ಅದು ಪ್ರಾಟೆಸ್ಟೆಂಟರೂ ಕ್ಯಾಥಲಿಕರೂ ಹೊಡೆದಾಡಿಕೊಂಡಿದ್ದ ಕಾಳಗ. ವರ್ನರ್ ಪಾರ್ಲಿಮೆಂಟ್ ಸದಸ್ಯ, ದೊಡ್ಡ ಜಮೀನ್ದಾರ, ಮ್ಯಾಜಿಸ್ಟ್ರೇಟ್. ಡ್ರಮಂಡ್ ಅವರಿಗೇ ಕಾಗದ ಬರೆದು ಇದು ನಿಜವೇ ಅಂತ ಕೇಳಿದರು. ಕೊನೆಗೆ ವರ್ನರ್ ಮ್ಯಾಜಿಸ್ಟ್ರೇಟ್ ಪದವಿ ಕಳೆದುಕೊಂಡರು.

1838ರ ಮೇ 22ರ ಪತ್ರವಂತೂ ತಮಗೂ ಬಾಯಿಪಾಠ ಇರಬೇಕು. ಕೊಲೆಯೊಂದಾದ ಮೇಲೆ ಟಿಪೆರೆರಿಯ ಮ್ಯಾಜಿಸ್ಟ್ರೇಟರು ಇನ್ನೂ ಕಠಿಣ ಕ್ರಮ ಬೇಕು ಅಂತ ಕ್ಯಾಸಲ್‌ಗೆ ಬರೆದಿದ್ದರು. ಡ್ರಮಂಡ್ ಉತ್ತರಿಸಿದರು. ಒಕ್ಕಲೆಬ್ಬಿಸಿದರೆ ಜನ ಏನಾಗುತ್ತಾರೆ ಅಂತ ನೆನಪಿಸಿದರು. ‘ಆಸ್ತಿಗೆ ಹಕ್ಕುಗಳಿರುವ ಹಾಗೆ ಕರ್ತವ್ಯಗಳೂ ಇವೆ’ ಅಂದರು. ಎಲ್ಲರೂ ಆ ಸಾಲನ್ನು ಹೇಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಬೇರೆ. ಅದು ಒಂದು ಅಹವಾಲಿಗೆ ಬಂದ ಉತ್ತರ. ಕಾರಣ ಕೊಟ್ಟು, ಉದ್ದಕ್ಕೆ ಬರೆದ ಉತ್ತರ. ಸಾವಿರಾರು ಬಡವರಿಗೆ ಒಂದೆರಡು ಸಾಲಿನ ಹಿಂಬರಹ ಹೋದ ಕಚೇರಿಯಿಂದಲೇ ಇಂಥ ಪತ್ರವೂ ಹೊರಟಿತು. ಮನಸ್ಸಿದ್ದರೆ ಆಗುತ್ತಿತ್ತು, ಅಲ್ವಾ?

ಆದರೂ 1836ರ ಕಾನೂನು ಒಂದನ್ನು ಬಿಟ್ಟುಬಿಟ್ಟಿತು. ದೂರು ಜಮೀನ್ದಾರನ ಕೈಯಿಂದ ದೂರದ ಕೈಗೆ ಹೋಯಿತು, ಹೊರಗಿನ ಕೈಗೆ ಹೋಗಲಿಲ್ಲ. ಪೊಲೀಸರ ತಪ್ಪನ್ನು ವಿಚಾರಿಸುವವರು ಪೊಲೀಸ್ ಮೇಲಧಿಕಾರಿಗಳು, ಅವರ ಮೇಲೆ ಕ್ಯಾಸಲ್. ಹೊಡೆಸಿಕೊಂಡವನಿಗೆ ಆ ಸಾಲಿನಲ್ಲಿ ಎಲ್ಲೂ ಜಾಗವಿರಲಿಲ್ಲ.

ಆ ವ್ಯವಸ್ಥೆ ಹಡಗು ಹತ್ತಿ ನಮ್ಮ ಕಡೆಗೂ ಬಂತು. ಕಿಲ್ಡೇರ್‌ನ ಸೆಲ್‌ಬ್ರಿಜ್‌ನಲ್ಲಿ ಬೆಳೆದ ಚಾರ್ಲ್ಸ್ ನೇಪಿಯರ್ 1843ರಲ್ಲಿ ಸಿಂಧ್ ಗೆದ್ದು, ಅಲ್ಲಿ ಐರಿಷ್ ಕಾನ್‌ಸ್ಟೇಬ್ಯುಲರಿ, ಅಂದರೆ ಐರ್ಲೆಂಡಿನ ಆ ಪೊಲೀಸ್ ಪಡೆಯ ಮಾದರಿಯಲ್ಲಿ ಪೊಲೀಸ್ ಕಟ್ಟಿದರು. 1859ರಲ್ಲಿ ಮದರಾಸು ಪ್ರಾಂತ್ಯಕ್ಕೆ ಪೊಲೀಸ್ ಕಾನೂನು ಬಂತು, 1861ರಲ್ಲಿ ಭಾರತದ ಪೊಲೀಸ್ ಕಾನೂನು. ಬಳ್ಳಾರಿ, ಮಂಗಳೂರು ಆಗ ಮದರಾಸಿಗೆ ಸೇರಿದ್ದವು. ಮೇಲಿನವರಿಗೆ ಲೆಕ್ಕ ಒಪ್ಪಿಸುವ, ಕೆಳಗಿನವರಿಗೆ ಒಪ್ಪಿಸದ ಪೊಲೀಸ್ ನಮ್ಮೂರಿಗೆ ಬಂದ ದಾರಿಗಳಲ್ಲಿ ಒಂದು ತಮ್ಮ ದೇಶದಿಂದಲೇ ಹೊರಟಿತ್ತು. ತಮ್ಮನ್ನು ದೂರುವುದಕ್ಕೆ ಹೇಳುತ್ತಿಲ್ಲ. ಐರ್ಲೆಂಡಿನ ಜನರೂ ಅದನ್ನು ಕೇಳಿ ಪಡೆದವರಲ್ಲ. ನಮ್ಮಪ್ಪನ ಅರ್ಜಿಗೂ ಟಿಪೆರೆರಿಯ ಒಕ್ಕಲಿನವನ ಅರ್ಜಿಗೂ ಇರುವ ಸಂಬಂಧ ತಮಗೆ ಕಾಣಲಿ ಅಂತ ಅಷ್ಟೇ.

ಈಗಿನ ಮಾತು. 2024ರ ಕಾನೂನಿನ ಪ್ರಕಾರ 2025ರ ಏಪ್ರಿಲ್‌ನಿಂದ ಫಿಸ್ರೂ ಅನ್ನುವ ಪೊಲೀಸ್ ಓಂಬುಡ್ಸ್‌ಮನ್ ಕಚೇರಿ ಬಂದಿದೆ. ಗಾರ್ಡಾ, ಅಂದರೆ ಇಲ್ಲಿನ ಪೊಲೀಸರ ಮೇಲಿನ ದೂರನ್ನು ಹೊರಗಿನವರು ವಿಚಾರಿಸಬೇಕು ಅನ್ನುವುದು ಅದರ ಆಶಯ. 1818ರಿಂದೀಚಿನ ಕಾಗದಗಳನ್ನು ಓದುತ್ತಾ ಬಂದ ನನಗೆ ಇದು ಎಷ್ಟು ದೊಡ್ಡ ಹೆಜ್ಜೆ ಅಂತ ಗೊತ್ತು. ಆದರೆ ಸೇವೆಯ ಗುಣಮಟ್ಟದ ಬಗೆಗಿನ ಸಣ್ಣ ದೂರುಗಳನ್ನು ಗಾರ್ಡಾಗೇ ಕಳಿಸುವ ದಾರಿ ಇದರಲ್ಲೂ ಇದೆ. ಸಣ್ಣದು ಅಂತ ಯಾರು ತೀರ್ಮಾನಿಸುತ್ತಾರೆ, ಕಾಗದ ಯಾರ ಮೇಜಿಗೆ ಹೋಗುತ್ತದೆ ಅನ್ನುವುದೇ ಹೊರಗಿನಿಂದ ಬಂದವರ ಹೆದರಿಕೆ. 2025ರ ಬೇಸಿಗೆಯಲ್ಲಿ ಡಬ್ಲಿನ್‌ನಲ್ಲಿ ಭಾರತೀಯರ ಮೇಲೆ ಹಲ್ಲೆಗಳಾದವು. ಆಗಸ್ಟ್ 1ರಂದು ಭಾರತದ ರಾಯಭಾರ ಕಚೇರಿ ಎಚ್ಚರಿಕೆಯ ಸೂಚನೆ ಹೊರಡಿಸಿತು. ಆ ದಿನಗಳಲ್ಲಿ ನನ್ನ ಪರಿಚಯದ ಹುಡುಗನೊಬ್ಬ ಬಸ್ ಸ್ಟಾಪಿನಲ್ಲಿ ಏಟು ತಿಂದು ಬಂದ. ಕಂಪ್ಲೇಂಟ್ ಕೊಡು ಅಂದೆ. ‘ಬೇಡಣ್ಣ, ವೀಸಾ ರಿನ್ಯೂ ಇದೆ, ಸುಮ್ನೆ ಯಾಕೆ’ ಅಂದ. ಅವನು ಯಾರ ಮೇಲೂ ಆಪಾದನೆ ಮಾಡುತ್ತಿರಲಿಲ್ಲ. ಕಾಗದ ಎಲ್ಲಿಗೆ ಹೋಗುತ್ತದೋ ಅನ್ನುವ ಅಳುಕು ಊರಿನಿಂದಲೇ ಹೊತ್ತು ತಂದದ್ದು.

ನಾನು ಕೇಳುವುದು ಇಷ್ಟು. ದೂರನ್ನು ಗಾರ್ಡಾಗೆ ಕಳಿಸುವುದಾದರೆ, ಕಳಿಸುವ ಮೊದಲು ದೂರು ಕೊಟ್ಟವರಿಗೆ ತಿಳಿಸಬೇಕು, ಯಾರ ಕೈಗೆ ಅಂತಲೂ ಹೇಳಬೇಕು. ಯಾವ ಠಾಣೆಯ ಮೇಲೆ ದೂರೋ ಆ ಠಾಣೆಗೆ ಆ ಕಾಗದ ಯಾವ ಕಾರಣಕ್ಕೂ ಹೋಗಬಾರದು. ಕೊನೆಗೆ ಬರುವ ಉತ್ತರದಲ್ಲಿ ಕಾರಣ ಇರಬೇಕು, ದೂರು ತಿರಸ್ಕಾರವಾದರೂ ಸರಿ. ಇದೆಲ್ಲ ಈಗಾಗಲೇ ನಿಯಮದಲ್ಲಿ ಇದ್ದರೆ, ಅದನ್ನು ನಮ್ಮಂಥವರಿಗೆ ಅರ್ಥವಾಗುವ ಭಾಷೆಗಳಲ್ಲಿ ಒಂದು ಪುಟದಲ್ಲಿ ಅಚ್ಚು ಹಾಕಿಸಿ ಪ್ರತಿ ಠಾಣೆಯ ಬಾಗಿಲಲ್ಲಿ ಇಡಿಸಿ. ಕನ್ನಡದ ಪುಟವನ್ನು ಬರೆದುಕೊಡಲು ನಾನು ತಯಾರಿದ್ದೇನೆ, ದುಡ್ಡು ಬೇಡ.

ಇನ್ನೊಂದು ಕೋರಿಕೆ. ಬಿಡುವಾದಾಗ ತಾವೊಮ್ಮೆ ಬಿಷಪ್ ಸ್ಟ್ರೀಟ್‌ಗೆ ಬನ್ನಿ. ಯಾವುದಾದರೂ ಒಂದು ವರ್ಷದ ಕಟ್ಟು ತರಿಸಿ, ಅರ್ಜಿಗಳನ್ನು ಓದಿ, ಆಮೇಲೆ ಕಾಗದವನ್ನು ತಿರುಗಿಸಿ ನೋಡಿ. ನನಗೆ ಮೊದಲೇ ತಿಳಿಸಿದರೆ ಆವತ್ತು ಡ್ಯೂಟಿ ಬದಲಾಯಿಸಿಕೊಂಡು ನಾನೂ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಡಬ್ಲಿನ್‌ನಲ್ಲಿರುವ ಒಬ್ಬ ಕನ್ನಡಿಗ