ಬಾಡಿಗೆ ಹಳಿಯ ಮೇಲೆ ಎರಡು ರಾತ್ರಿ

ಗೆಳೆಯಾ,

ನಿನ್ನ ಮೆಸೇಜು ನೋಡಿ ನಗು ಬಂತು. "ಸೆಪ್ಟೆಂಬರಿಗೆ ಅಮ್ಮನ ಜೊತೆ ಬರ್ತಿದೀನಿ. ಶಿಕಾಗೋದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ರೈಲಲ್ಲೇ ಹೋಗಬೇಕಂತೆ ಅವಳಿಗೆ. ಹೋಗಬಹುದಾ? ಒಂದೇ ಮಾತಲ್ಲಿ ಹೇಳು." ಹೇಳಿಬಿಡ್ತೀನಿ: ಹೋಗಿ. ಆದರೆ ತಲುಪಿದ ದಿನಕ್ಕಾಗಲೀ ಮಾರನೇ ಬೆಳಿಗ್ಗೆಗಾಗಲೀ ವಿಮಾನ ಬುಕ್ ಮಾಡಬೇಡ. ಉತ್ತರ ಮುಗೀತು. ಇನ್ನು ಮುಂದಿನದು ಹರಟೆ. ಇದೇ ಪ್ರಶ್ನೆ ವರ್ಷಕ್ಕೆ ನಾಲ್ಕು ಜನ ಕೇಳ್ತಾರೆ, ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೀತಿದೀನಿ, ಬೇಜಾರು ಮಾಡ್ಕೋಬೇಡ.

ನೀವು ಹತ್ತೋದು ಕ್ಯಾಲಿಫೋರ್ನಿಯಾ ಜೆಫಿರ್. ಮಧ್ಯಾಹ್ನ ಎರಡಕ್ಕೆ ಶಿಕಾಗೋ ಯೂನಿಯನ್ ಸ್ಟೇಷನ್ ಬಿಟ್ಟರೆ ಮೂರನೇ ದಿನ ಸಂಜೆ ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಎಮೆರಿವಿಲ್. 3,924 ಕಿಲೋಮೀಟರು, ಏಳು ರಾಜ್ಯ, ಎರಡು ರಾತ್ರಿ. ಗಡಿಯಾರವನ್ನು ಎರಡು ಸಲ ಹಿಂದಕ್ಕೆ ತಿರುಗಿಸಬೇಕು. ದಿನಕ್ಕೆ ಒಂದೇ ಗಾಡಿ. ತಪ್ಪಿದರೆ ನಾಳೆ ಇದೇ ಹೊತ್ತಿಗೆ. ಇದನ್ನು ಕೇಳಿ ಮೂಗು ಮುರೀಬೇಡ, ಹ್ಯೂಸ್ಟನ್ನಿನಂಥ ಮಹಾನಗರಕ್ಕೆ ವಾರಕ್ಕೆ ಮೂರೇ ಗಾಡಿ ಆ ಕಡೆಗೆ, ಮೂರು ಈ ಕಡೆಗೆ. ನಮ್ಮ ತಾಳಗುಪ್ಪದ ರೈಲುಬಸ್ಸೂ ಇದಕ್ಕಿಂತ ವಾಸಿ ಇತ್ತಲ್ಲ ಮಾರಾಯ ಅನ್ನಿಸುತ್ತೆ.

ಹೀಗ್ಯಾಕೆ ಅಂತ ಮೊದಲ ವರ್ಷ ನಾನೂ ತಲೆ ಕೆಡಿಸ್ಕೊಂಡಿದ್ದೆ. ಚಂದ್ರನ ಮೇಲೆ ಇಳಿದ ದೇಶ, ಒಂದು ರೈಲನ್ನು ಹೊತ್ತಿಗೆ ಸರಿಯಾಗಿ ಓಡಿಸಕ್ಕಾಗಲ್ವಾ? ಆಮೇಲೆ ಗೊತ್ತಾಯ್ತು, ಪ್ರಯಾಣಿಕರ ರೈಲು ಇಲ್ಲಿ ಬಾಡಿಗೆಮನೆ ವಾಸಿ. ಮೊದಲು ಜನರನ್ನು ಸಾಗಿಸ್ತಿದ್ದದ್ದು ಖಾಸಗಿ ಕಂಪನಿಗಳೇ. ಹೆದ್ದಾರಿ, ವಿಮಾನ ಬಂದಮೇಲೆ ಅವಕ್ಕೆ ನಷ್ಟದ ಮೇಲೆ ನಷ್ಟ. 1971ರ ಮೇ 1ರಂದು ಆಮ್‌ಟ್ರಾಕ್ ಅನ್ನೋ ಸಂಸ್ಥೆ ಗಾಡಿ ಓಡಿಸೋದಕ್ಕೆ ಶುರು ಮಾಡ್ತು. ಜನರನ್ನು ಅದರ ಮಡಿಲಿಗೆ ಹಾಕಿ ಕಂಪನಿಗಳು ಕೈ ತೊಳಕೊಂಡವು, ಹಳಿ ಮಾತ್ರ ತಮ್ಮ ಹತ್ತಿರವೇ ಇಟ್ಟುಕೊಂಡವು. ಈಶಾನ್ಯದ ಕರಾವಳಿಯ ದಾರಿ ಬಿಟ್ಟರೆ ಹೆಚ್ಚುಕಡಿಮೆ ಎಲ್ಲ ಕಡೆ ಹಳಿ ಗೂಡ್ಸ್ ಕಂಪನಿಗಳದ್ದು, ಸಿಗ್ನಲ್ ಕೊಡೋನೂ ಅವರ ಮನುಷ್ಯನೇ.

ಕಾಗದದಲ್ಲಿ ನೋಡಿದರೆ ಪ್ರಯಾಣಿಕರ ಗಾಡಿಗೇ ಮೊದಲ ದಾರಿ. 1973ರಿಂದಲೂ ಕಾನೂನು ಹಾಗೇ ಇದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಲ್ಲಿಯ ಗೂಡ್ಸ್ ಗಾಡಿಗಳು ಮೂರು ಕಿಲೋಮೀಟರಿಗೂ ಉದ್ದ ಬೆಳೆದಿವೆ, ಕ್ರಾಸಿಂಗಿಗೆ ಅಂತ ಇರುವ ಪಕ್ಕದ ಹಳಿ ಎಷ್ಟೋ ಕಡೆ ಅಷ್ಟು ಉದ್ದ ಇಲ್ಲ. ದೊಡ್ಡದು ಪಕ್ಕಕ್ಕೆ ಹೋಗಲಾರದು ಅಂದಮೇಲೆ ಚಿಕ್ಕದೇ ಹೋಗಬೇಕು. ನಾವು ಮುನ್ನೂರು ಜನ ಗಾಜಿನೊಳಗೆ ಕೂತು ಸಾಲು ಸಾಲು ಕಂಟೇನರ್ ಎಣಿಸ್ತೀವಿ. ಇದಕ್ಕೆ ಕೋರ್ಟಿಗೆ ಹೋಗುವ ಹಕ್ಕು ಕೇಂದ್ರದ ನ್ಯಾಯ ಇಲಾಖೆಗೆ ಮಾತ್ರ. ಐವತ್ತು ವರ್ಷದಲ್ಲಿ ಅದು ಹೋಗಿದ್ದು ಎರಡು ಸಲ, 1979ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ.

ವೇಗದ ಕಥೆ ಶಿಕಾಗೋ ಹತ್ತಿರ ನಾನಿರುವ ನೇಪರ್‌ವಿಲ್‌ಗೇ ಅಂಟಿಕೊಂಡಿದೆ. ನಮ್ಮೋರ ಸಂಸಾರಗಳು, ದೋಸೆ ಹೋಟೆಲು, ರಾಜ್ಯೋತ್ಸವ ಎಲ್ಲ ಇರುವ ಈ ಊರಿನ ಸ್ಟೇಷನ್ ಹತ್ತಿರ 1946ರ ಏಪ್ರಿಲ್ 25ರಂದು, ನಿಂತಿದ್ದ ಗಾಡಿಗೆ ಎರಡು ನಿಮಿಷ ಹಿಂದಿದ್ದ ಗಾಡಿ ಬಂದು ಗುದ್ದಿತು. ನಲವತ್ತಕ್ಕೂ ಹೆಚ್ಚು ಜನ ಹೋದರು. ಗುದ್ದಿದ ಗಾಡಿ ಎಕ್ಸ್‌ಪೊಸಿಷನ್ ಫ್ಲೈಯರ್, ನೀವು ಹತ್ತುವ ಜೆಫಿರ್‌ನ ಪೂರ್ವಜ. ಆಮೇಲೆ ಬಂದ ನಿಯಮದ ಪ್ರಕಾರ, ಎಂಜಿನ್ನಿನ ಒಳಗೇ ಸಿಗ್ನಲ್ ತೋರಿಸುವಂಥ ವ್ಯವಸ್ಥೆ ಇಲ್ಲದ ಹಳಿಯಲ್ಲಿ ಗಂಟೆಗೆ 80 ಮೈಲಿ ಮುಟ್ಟುವ ಹಾಗಿಲ್ಲ. ಅದಕ್ಕೇ ಇವತ್ತಿಗೂ ಬಹಳಷ್ಟು ಕಡೆ 79 ಮೈಲಿ, ಅಂದರೆ 127 ಕಿಲೋಮೀಟರಿಗೆ ಲಗಾಮು. ದಿನಾ ಅದೇ ಪ್ಲಾಟ್‌ಫಾರಂನಲ್ಲಿ ನಿಂತು ಕೆಲಸಕ್ಕೆ ಹೋಗ್ತಿದ್ದ ನನಗೆ ಇದು ತಿಳಿದಿದ್ದು ಎಂಟು ವರ್ಷ ಆದಮೇಲೆ.

ಕಷ್ಟದ ಮಾತು ಇಲ್ಲೇ ಮುಗಿಸಿಬಿಡ್ತೀನಿ. ಎರಡು ಬೇಸಿಗೆ ಹಿಂದೆ, ಜೆಫಿರ್ ಅಲ್ಲ, ಬೇರೊಂದು ದಾರಿ. ಯಾವುದು ಅಂತ ಹೆಸರು ಬೇಡ. ಬಿಸಿಲಿಗೆ ಹಳಿ ಉಬ್ಬುತ್ತೆ ಅಂತ ಗಾಡಿಯನ್ನು ಮಧ್ಯಾಹ್ನವೆಲ್ಲ ತೆವಳಿಸಿದರು. ಸಂಜೆ ಎರಡು ಕ್ರಾಸಿಂಗ್. ರಾತ್ರಿ ಹನ್ನೊಂದಕ್ಕೆ ಜೋಳದ ಹೊಲದ ನಡುವೆ ಗಾಡಿ ನಿಂತೇಬಿಡ್ತು. ಗಾಡಿ ಕೆಟ್ಟಿಲ್ಲ, ಕೆಂಪು ಸಿಗ್ನಲ್ಲೂ ಇಲ್ಲ. ಡ್ರೈವರ್, ಕಂಡಕ್ಟರ್ ಹನ್ನೆರಡು ಗಂಟೆ ದುಡಿದಾಗಿತ್ತು. ಅದರ ಮೇಲೆ ಒಂದು ನಿಮಿಷವೂ ಗಾಡಿ ಓಡಿಸುವ ಹಾಗಿಲ್ಲ, ಕಾನೂನು. 'ಕ್ರೂ ಟೈಮ್‌ಔಟ್ ಆಗಿದೆ' ಅಂತ ಮೈಕಿನಲ್ಲಿ ಹೇಳಿ ಅವರೂ ನಮ್ಮಂತೆಯೇ ಕೂತರು. ಹೊಸ ಜೋಡಿ ಎಲ್ಲಿಂದಲೋ ವ್ಯಾನಿನಲ್ಲಿ ಬರಬೇಕು. ಬಂದಿದ್ದು ಒಂದೂವರೆಗೆ. ಅಷ್ಟರಲ್ಲಿ ನಮ್ಮ ಬೋಗಿಯ ಎರಡು ಶೌಚಾಲಯಕ್ಕೆ ಬೀಗ, ಕ್ಯಾಂಟೀನಿನಲ್ಲಿ ಉಳಿದಿದ್ದು ಬರೀ ಚಿಪ್ಸು. ಪಕ್ಕದ ಸೀಟಿನ ಅಜ್ಜಿ ಮಾತ್ರ ಸ್ವೆಟರ್ ಹೆಣೀತಾ, 'ನನಗೇನೂ ಅವಸರ ಇಲ್ಲ, ಅವಸರ ಇದ್ದೋರು ಇಲ್ಲಿ ಯಾಕೆ ಬರ್ತಾರೆ' ಅಂದರು. ಅವಸರ ಇತ್ತು ಕಣೋ, ನನಗಿತ್ತು. ಒಂಬತ್ತು ಗಂಟೆ ತಡವಾಗಿ ಇಳಿದಾಗ ಹೋಗಬೇಕಿದ್ದ ಗೃಹಪ್ರವೇಶದಲ್ಲಿ ಪಾತ್ರೆ ತೊಳೀತಿದ್ದರು.

ಅಷ್ಟಾದಮೇಲೂ ಜೆಫಿರ್ ಅಂದರೆ ನಾನು ಮೂರನೇ ಸಲಕ್ಕೂ ಸೈ. ಮೊದಲ ಮಧ್ಯಾಹ್ನ ಏನೂ ಇಲ್ಲ, ಬರೀ ಬಯಲು. ಸಂಜೆ ಬರ್ಲಿಂಗ್ಟನ್ ಹತ್ತಿರ ಮಿಸಿಸಿಪಿ ದಾಟುವಾಗ ಅಮ್ಮನನ್ನು ಎಬ್ಬಿಸು, ಸಾಕು. ನೆಬ್ರಾಸ್ಕಾ ಇಡೀ ಕತ್ತಲಲ್ಲೇ ಕಳೆದುಹೋಗುತ್ತೆ. ಮಾರನೇ ಬೆಳಿಗ್ಗೆ ಡೆನ್ವರ್. ಅಲ್ಲಿ ಗಾಡಿ ಸುಮಾರು ಹೊತ್ತು ನಿಲ್ಲುತ್ತೆ, ಕೆಳಗಿಳಿದು ಕಾಲು ಸಡಿಲ ಮಾಡಿಕೊಳ್ಳಬಹುದು. ಆದರೆ ಗಾಡಿ ಹೊರಡೋದಕ್ಕೆ ಮುಂಚೆಯೇ ಸೈಟ್‌ಸೀಯರ್ ಲೌಂಜ್‌ನಲ್ಲಿ ಜಾಗ ಹಿಡಿ. ಕಿಟಕಿಯ ಗಾಜು ಸೂರಿನವರೆಗೂ ಬಾಗಿರುವ ಬೋಗಿ ಅದು. ನಮ್ಮ ಬಸ್ಸಿನ ಹಾಗೆ ಟವೆಲ್ ಹಾಕಿ ಹೋಗೋ ಆಟ ನಡೆಯಲ್ಲ, ಕಂಡಕ್ಟರ್ ಬಂದು ಎತ್ತಿಡ್ತಾನೆ. ನನಗೆ ಆಗಿದೆ.

ಡೆನ್ವರ್ ಬಿಟ್ಟ ಸ್ವಲ್ಪ ಹೊತ್ತಿಗೇ ಗಾಡಿ ರಾಕಿ ಪರ್ವತಕ್ಕೆ ಏರೋದಕ್ಕೆ ಶುರು. ಒಂದು ದೊಡ್ಡ ತಿರುವಿನಲ್ಲಿ ಹಳೇ ಗೂಡ್ಸ್ ಬೋಗಿಗಳ ಸಾಲು ನಿಂತಿರುತ್ತೆ, ತುಕ್ಕು ಹಿಡಿದು. ಬಿಟ್ಟುಹೋದದ್ದಲ್ಲ. ಬೆಟ್ಟದಿಂದ ಬೀಸುವ ಗಾಳಿ ಗಾಡಿಯನ್ನೇ ಹಳಿಯಿಂದ ತಳ್ಳುತ್ತೆ ಅಂತ ಹೊಟ್ಟೆಗೆ ಮರಳು ತುಂಬಿ ಗೋಡೆ ಮಾಡಿ ನಿಲ್ಲಿಸಿದಾರೆ. ಆಮೇಲೆ ಸುರಂಗದ ಮೇಲೆ ಸುರಂಗ, ಇಪ್ಪತ್ತಕ್ಕೂ ಮೀರಿ. ಸಕಲೇಶಪುರದ ಘಾಟಿ ನೆನಪಾಗದೆ ಇರಲ್ಲ, ಆದರೆ ಇಲ್ಲಿ ಆ ದಟ್ಟ ಹಸಿರಿಲ್ಲ. ಕೆಂಪು ಕಲ್ಲು, ಪೈನ್ ಮರ, ಒಣ ಆಕಾಶ. ಕೊನೆಗೆ ಮೊಫಾಟ್ ಸುರಂಗ, 1928ರಲ್ಲಿ ತೆರೆದದ್ದು, ಹತ್ತು ಕಿಲೋಮೀಟರು. ಡೀಸೆಲ್ ಹೊಗೆ ಒಳಗೆ ಬರುತ್ತೆ ಅಂತ ಬೋಗಿಯಿಂದ ಬೋಗಿಗೆ ಬಾಗಿಲು ತೆಗೀಬೇಡಿ ಅಂತಾರೆ. ಹತ್ತು ಚಿಲ್ಲರೆ ನಿಮಿಷ ಕಪ್ಪು ಗಾಜಿನಲ್ಲಿ ನಮ್ಮ ಮುಖವೇ. ಒಳಗಿರುವಾಗಲೇ ಖಂಡದ ನೆತ್ತಿ ದಾಟಿರುತ್ತೀಯ, ಈಚೆ ಬಿದ್ದ ಮಳೆ ಅಟ್ಲಾಂಟಿಕ್ ಕಡೆ, ಆಚೆ ಬಿದ್ದದ್ದು ಪೆಸಿಫಿಕ್ ಕಡೆ.

ಅಲ್ಲಿಂದ ಕೊಲರಾಡೊ ನದಿ ಜೊತೆಯಾಗುತ್ತೆ. ಹುಟ್ಟಿ ಇನ್ನೂ ಹೆಚ್ಚು ದೂರ ಬಂದಿರದ ಪುಟ್ಟ ಹೊಳೆ ಅದು, ಗಾಡಿ ಮುನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ಅದರ ಸೆರಗು ಬಿಡಲ್ಲ. ಗೋರ್ ಕಣಿವೆಯಲ್ಲಂತೂ ಪಕ್ಕದಲ್ಲಿ ರಸ್ತೆಯೇ ಇಲ್ಲ, ಕಾರಿನವರಿಗೆ ಆ ನೋಟ ಸಿಗಲ್ಲ. ನಾನು ಎರಡೂ ಸಲ ಅಲ್ಲಿ ಫೋಟೊ ತೆಗೆಯೋದು ಮರೆತೆ. ಒಂದು ಎಚ್ಚರಿಕೆ: ನದಿಯಲ್ಲಿ ರಬ್ಬರ್ ದೋಣಿಯಲ್ಲಿ ಬರುವ ಹುಡುಗರಿಗೆ ರೈಲು ಕಂಡ ಕೂಡಲೇ ಚಡ್ಡಿ ಇಳಿಸಿ ಹಿಂಬದಿ ತೋರಿಸೋದು ಒಂದು ಸಂಪ್ರದಾಯ. ಆಗ ಅಮ್ಮನಿಗೆ ಆ ಕಡೆಯ ಬೆಟ್ಟ ತೋರಿಸು.

ಊಟದ ಮೇಜಿನಲ್ಲಿ ನಾಲ್ಕು ಜನರನ್ನು ಗುರುತು ಪರಿಚಯ ನೋಡದೆ ಒಟ್ಟಿಗೆ ಕೂರಿಸ್ತಾರೆ. ಅಮೆರಿಕದಲ್ಲಿ ಇಷ್ಟು ವರ್ಷದಲ್ಲಿ ನಾನು ಅಪರಿಚಿತರ ಜೊತೆ ಇಷ್ಟು ಮಾತಾಡಿದ್ದು ಬೇರೆಲ್ಲೂ ಇಲ್ಲ. ಕೋಚ್ ಬೋಗಿಯಲ್ಲೂ ಹಾಗೇ. ಒಮ್ಮೆ ಅಯೋವಾದ ಅಟಮ್ವಾದಲ್ಲಿ ಒಂದು ಆಮಿಶ್ ಸಂಸಾರ ಹತ್ತಿತು. ಕಾರು ಇಟ್ಟುಕೊಳ್ಳದ, ವಿಮಾನ ಹತ್ತದ ಜನ, ದೂರ ಹೋಗಬೇಕು ಅಂದರೆ ರೈಲೇ. ತಲೆಗೆ ಬಿಳಿ ಟೋಪಿ ಕಟ್ಟಿದ ಹೆಂಗಸರು, ತಮ್ಮೊಳಗೆ ಜರ್ಮನ್ನಿನಂಥ ಮಾತು, ಬುತ್ತಿಯಲ್ಲಿ ಮನೆಯದೇ ಬ್ರೆಡ್ಡು. ಯಜಮಾನ ನಿಮ್ಮಪ್ಪ ಏನು ಮಾಡ್ತಾರೆ ಅಂತ ಕೇಳಿದ. ಅಡಿಕೆ ತೋಟ ಅಂದೆ. ಅದನ್ನು ವಿವರಿಸೋದಕ್ಕೆ ಅರ್ಧ ಗಂಟೆ ಹೋಯ್ತು. 'ತಿಂದರೆ ಹೊಟ್ಟೆ ತುಂಬುತ್ತಾ?' ಇಲ್ಲ. 'ಮತ್ತೆ ಯಾಕೆ ಬೆಳೀತೀರಿ?' ಇಷ್ಟು ನೇರ ಪ್ರಶ್ನೆಗೆ ನಮ್ಮೂರಿನ ಸೊಸೈಟಿ ಮೀಟಿಂಗಲ್ಲೂ ಉತ್ತರ ಸಿಕ್ಕಿಲ್ಲ. ಅವರ ಬ್ರೆಡ್ಡಿಗೆ ನನ್ನ ಚಟ್ನಿಪುಡಿ ಹಾಕಿಕೊಂಡು ತಿಂದೆವು.

ಎರಡನೇ ರಾತ್ರಿ ಸಾಲ್ಟ್ ಲೇಕ್ ಸಿಟಿ, ಮೂರನೇ ಬೆಳಿಗ್ಗೆ ನೆವಾಡಾದ ಬರಡು. ಫೋನಿನಲ್ಲಿ ಸಿಗ್ನಲ್ ಹುಡುಕಬೇಡ. ರೀನೋ ಆದಮೇಲೆ ಸಿಯೆರಾ ನೆವಾಡಾ. 1860ರ ದಶಕದಲ್ಲಿ ಹಳಿ ಹಾಕೋದಕ್ಕೆ ಈ ಬೆಟ್ಟದ ಗ್ರಾನೈಟನ್ನು ಕೊರೆದವರಲ್ಲಿ ಹತ್ತಕ್ಕೆ ಒಂಬತ್ತು ಪಾಲಿನಷ್ಟು ಚೀನಾದಿಂದ ಬಂದ ಕೂಲಿಗಳು. ಹಿಮಪಾತದಲ್ಲಿ, ಬಂಡೆ ಸಿಡಿಸುವ ಮದ್ದಿನಲ್ಲಿ ಸತ್ತವರ ಹೆಸರು ಸಹ ಬರೆದಿಡಲಿಲ್ಲ. ಕೆಳಗೆ ಡಾನರ್ ಸರೋವರ ನೀಲಿಯಾಗಿ ಕಾಣುವಾಗ ಲೌಂಜಿನಲ್ಲಿ ಎಲ್ಲರೂ ಫೋನು ಎತ್ತುತ್ತಾರೆ, ನಾನೂ ಎತ್ತಿದೆ.

ಈಗ ಲೆಕ್ಕಾಚಾರ. ಕೋಚ್ ಸೀಟು ಅಗಲ, ಕಾಲು ಚಾಚಬಹುದು, ಆದರೆ ನಮ್ಮ ಸ್ಲೀಪರ್ ಕ್ಲಾಸಿನ ಹಾಗೆ ಮಲಗೋ ಹಲಗೆ ಇಲ್ಲ. ನಿನಗೆ ಪರವಾಗಿಲ್ಲ, ಅಮ್ಮನಿಗೆ ಎರಡು ರಾತ್ರಿ ಆಗಲ್ಲ. ರೂಮೆಟ್ ಅನ್ನೋ ಪುಟ್ಟ ಕೋಣೆ ತಗೋ. ಎರಡು ಸೀಟು ರಾತ್ರಿ ಒಂದು ಹಾಸಿಗೆಯಾಗುತ್ತೆ, ಮೇಲಿನಿಂದ ಇನ್ನೊಂದು ಇಳಿಯುತ್ತೆ, ಊಟ ಟಿಕೆಟ್ಟಿನಲ್ಲೇ ಸೇರಿರುತ್ತೆ. ವಿಮಾನಕ್ಕಿಂತ ದುಬಾರಿ ಆದರೆ ಗಾಬರಿಯಾಗಬೇಡ, ಬಹಳ ಸಲ ಹಾಗೇ. ಬೇಗ ಬುಕ್ ಮಾಡಿದಷ್ಟೂ ಒಳ್ಳೇದು. ಕೆಳ ಅಂತಸ್ತಿನ ರೂಮೆಟ್ ಕೇಳು: ಶೌಚಾಲಯ, ಸ್ನಾನದ ಕೋಣೆ ಅಲ್ಲೇ. ಬೋಗಿಯಿಂದ ಬೋಗಿಗೆ ಹೋಗೋ ದಾರಿ ಮಾತ್ರ ಮೇಲಂತಸ್ತಿನಲ್ಲಿದೆ, ಮಂಡಿ ನೋವಿನ ದಿನ ಊಟವನ್ನು ಕೋಣೆಗೇ ತರಿಸಬಹುದು. ಮೇಲಿನ ಬರ್ತಿಗೆ ಕಿಟಕಿ ಇಲ್ಲ, ಅದು ನಿನಗೆ. ಸಸ್ಯಾಹಾರ ಸಿಗುತ್ತೆ, ಆದರೆ ಮೂರನೇ ಹೊತ್ತಿಗೆ ಅಮ್ಮ ಮುಖ ತಿರುಗಿಸ್ತಾರೆ. ಪುಳಿಯೋಗರೆ ಗೊಜ್ಜು ತಾ, ಅನ್ನ ನಾನು ಕಟ್ಟಿಕೊಡ್ತೀನಿ. ಸ್ಯಾನ್ ಫ್ರಾನ್ಸಿಸ್ಕೋ ಊರೊಳಗೆ ಗಾಡಿ ಹೋಗಲ್ಲ, ಎಮೆರಿವಿಲ್‌ನಲ್ಲಿ ಇಳಿದು ಬಸ್ಸಿನಲ್ಲಿ ಸೇತುವೆ ದಾಟಬೇಕು.

ಹತ್ತೋದಕ್ಕೆ ಶಿಕಾಗೋವರೆಗೆ ಹೋಗೋದೂ ಬೇಡ, ಜೆಫಿರ್ ನಮ್ಮ ನೇಪರ್‌ವಿಲ್‌ನಲ್ಲೇ ನಿಲ್ಲುತ್ತೆ. ಮಧ್ಯಾಹ್ನ ಎರಡೂವರೆ ಸುಮಾರಿಗೆ ಬರಬೇಕು. ಊಟ ಮಾಡಿಕೊಂಡು ನಿಧಾನಕ್ಕೆ ಹೊರಡೋಣ.

ನಿನ್ನವ