ಹಿಂಬದಿ ಶಾಕ್ ಮೌಂಟ್: ಇನ್ನು ಮುಂದೆ ತಪಾಸಣೆ ಮೊದಲು, ರಬ್ಬರ್ ಆಮೇಲೆ

ಮಾನ್ಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಗ್ಯಾರೇಜಿನ ಒಂದು ಪದ್ಧತಿ ಬದಲಾಗುತ್ತಿದೆ. ಹಳೆಯ ಕಾರು ತಂದು, “ಹಿಂದಿನ ಶಾಕ್ ಅಬ್ಸಾರ್ಬರ್ ಮೌಂಟ್ ಮತ್ತೆ ಹೋಗಿದೆ, ಬೇಗ ಹೊಸದು ಹಾಕಿಕೊಡಿ” ಎಂದರೆ ನಿಂತ ನಿಲುವಿನಲ್ಲಿ ರಬ್ಬರ್ ಬದಲಿಸಿ ಕಳುಹಿಸುವುದಿಲ್ಲ. ಕಾರನ್ನು ಅರ್ಧ ದಿನ ಬಿಟ್ಟು ಹೋಗಬೇಕು. ತಪಾಸಣೆಗೆ 400 ರೂಪಾಯಿ. ಕೆಲಸವನ್ನು ನಮ್ಮಲ್ಲೇ ಮಾಡಿಸಿದರೆ ಆ ಹಣ ಬಿಲ್ಲಿನಲ್ಲಿ ವಜಾ ಆಗುತ್ತದೆ.

ದುಡ್ಡು ಕೀಳುವ ಹೊಸ ದಾರಿ ಎಂದು ಕೆಲವರಿಗೆ ಅನಿಸಬಹುದು, ಆದ್ದರಿಂದ ಕಾರಣ ಹೇಳುತ್ತೇವೆ. ಶಾಕ್‌ನ ಮೇಲ್ತುದಿಯನ್ನು ಕಾರಿನ ಬಾಡಿಯ ತಗಡಿಗೆ ಹಿಡಿದಿಡುವ ಈ ರಬ್ಬರ್ ವರ್ಷಗಟ್ಟಲೆ ಬಾಳಬೇಕಾದ ಸಾಮಾನು. ಹಾಕಿದ ಕೆಲವೇ ತಿಂಗಳಲ್ಲಿ ಹರಿದರೆ, ಹೆಚ್ಚಿನ ಸಲ ಅಪರಾಧಿ ಬೇರೆಲ್ಲೋ ಕುಳಿತಿರುತ್ತಾನೆ. ಅವನನ್ನು ಹಿಡಿಯದೆ ಎಷ್ಟು ಒಳ್ಳೆಯ ಕಂಪನಿಯ ರಬ್ಬರ್ ಹಾಕಿದರೂ ಅದೇ ‘ಟಕ್ ಟಕ್’ ಮರಳಿ ಬರುತ್ತದೆ.

ಸುಳಿವು ಬಹುತೇಕ ಹರಿದ ರಬ್ಬರಿನಲ್ಲೇ ಇರುತ್ತದೆ. ಅನೇಕ ಹಳೆಯ ಕಾರುಗಳಲ್ಲಿ ಬಾಡಿಯ ತಗಡಿನ ಮೇಲೊಂದು, ಕೆಳಗೊಂದು ರಬ್ಬರ್ ಇಟ್ಟು ನಡುವೆ ಶಾಕ್‌ನ ರಾಡ್ ತೂರಿಸಿ ನಟ್ ಬಿಗಿದಿರುತ್ತಾರೆ. ಕೆಳಗಿನ ರಬ್ಬರ್ ಮಾತ್ರ ಜಜ್ಜಿಹೋಗಿದ್ದರೆ ಹೊಡೆತ ಕೆಳಗಿನಿಂದ ಬಂದಿದೆ. ಸ್ಪ್ರಿಂಗ್ ಕುಸಿದಿರಬಹುದು, ಶಾಕ್‌ನ ಎಣ್ಣೆ ಸೋರಿರಬಹುದು, ಇಲ್ಲವೇ ಶಾಕ್ ಪೂರ್ತಿ ಒಳಗೆ ಕುಸಿಯದಂತೆ ತಡೆಯುವ ಬಂಪ್ ಸ್ಟಾಪ್ ಇಲ್ಲವಾಗಿರಬಹುದು. ಈ ಬಂಪ್ ಸ್ಟಾಪ್ ಕಣ್ಣಿಗೆ ಬೀಳದ ಬಡಪಾಯಿ. ಫೋಮಿನ ಈ ತುಂಡು ವಯಸ್ಸಾದ ಮೇಲೆ ಪುಡಿಯಾಗಿ ಧೂಳಿನ ಕವಚದೊಳಗೆ ಉದುರಿ ಬಿದ್ದಿರುತ್ತದೆ. ಆಮೇಲೆ ಪ್ರತಿ ಗುಂಡಿಯಲ್ಲೂ ಶಾಕ್ ಪೂರ್ತಿ ಒಳಗೆ ಕುಸಿದು ಏಟು ನೇರವಾಗಿ ಮೌಂಟಿಗೆ ತಗಲುತ್ತದೆ. ಮೇಲಿನ ರಬ್ಬರ್ ಹರಿದಿದ್ದರೆ ಕಥೆ ತಿರುಗುಮುರುಗು: ಶಾಕ್ ತನ್ನ ಉದ್ದ ಮುಗಿದು ಬಾಡಿಯನ್ನು ಕೆಳಕ್ಕೆ ಜಗ್ಗುತ್ತಿದೆ. ಬೇರೆ ಮಾಡೆಲ್‌ನ ಗಿಡ್ಡ ಶಾಕ್ ಹಾಕಿದ್ದರೆ, ಅಥವಾ ಹಿಂಭಾಗ ಎತ್ತರವಾಗಲೆಂದು ಸ್ಪ್ರಿಂಗ್‌ಗೆ ಸ್ಪೇಸರ್ ಎಂಬ ತುಂಡು ಇಟ್ಟಿದ್ದರೆ ಹೀಗಾಗುತ್ತದೆ.

ನಮ್ಮಲ್ಲಿಗೆ ಹೆಚ್ಚಾಗಿ ಬರುವುದು ಇವೆರಡೂ ಸೇರಿದ ಕಾರು. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಕೂರಿಸುತ್ತಾರೆ. ಉಕ್ಕಿನ ದೊಡ್ಡ ಸಿಲಿಂಡರ್ ಖಾಲಿ ಇದ್ದಾಗಲೇ 60 ಕಿಲೋ ಆಸುಪಾಸು ತೂಗುತ್ತದೆ. ಹಿಂಭಾಗ ಕುಸಿಯಿತೆಂದು ಸ್ಪೇಸರ್ ಹಾಕಿಸುತ್ತಾರೆ. ಬ್ಯಾಡಗಿ ಸಂತೆಗೆ ಹಿಂದಿನ ಸೀಟು ಮಡಚಿ ಮೆಣಸಿನಕಾಯಿ ಚೀಲ ಒಟ್ಟುವವರೂ ಇದ್ದಾರೆ. ಬೇಡ ಎನ್ನಲು ನಾವು ಯಾರು? ಆದರೆ ಆ ಭಾರಕ್ಕೆ ತಕ್ಕ ಸ್ಪ್ರಿಂಗ್ ಇರಬೇಕು. ಸ್ಪೇಸರ್ ಹಾಕುವ ಕೆಲಸವನ್ನು ಇನ್ನು ನಾವು ಒಪ್ಪಿಕೊಳ್ಳುವುದಿಲ್ಲ.

ರಸ್ತೆಯ ಪಾಲೂ ಇದೆ, ಆದರೆ ಗುಂಡಿಯದಷ್ಟೇ ಅಲ್ಲ. ಅಣ್ಣಿಗೇರಿ, ನವಲಗುಂದ, ನರಗುಂದದ ಕಡೆಯ ಎರೆನೆಲ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಅದರ ಮೇಲಿನ ಡಾಂಬರು ಅಲೆಅಲೆಯಾಗಿ ಏಳುತ್ತದೆ. ನೋಡಲು ನುಣುಪು. ವೇಗದಲ್ಲಿ ಹೋದರೆ ಶಾಕ್ ಒಮ್ಮೆ ಪೂರ್ತಿ ಹಿಗ್ಗಿ, ಮರುಕ್ಷಣ ಪೂರ್ತಿ ಕುಗ್ಗುತ್ತದೆ. ಸವೆದ ಶಾಕ್ ಅದನ್ನು ತಡೆಯಲಾರದು.

ಇನ್ನು ಕೆಲಸ ಮಾಡುವವರ ಕೈಯ ವಿಷಯ. ಏರ್ ಗನ್‌ನಿಂದ ನಟ್ ಬಿಗಿದರೆ ರಬ್ಬರ್ ಮೊದಲ ದಿನವೇ ಹಿಸುಕಿ ಹೊರಗೆ ಉಬ್ಬುತ್ತದೆ, ಅದರಲ್ಲೂ ಒಳಗಿನ ಲೋಹದ ಸ್ಲೀವ್ ಹಾಕಲು ಮರೆತಿದ್ದರೆ. ಶಾಕ್‌ನ ಕೆಳತುದಿಯ ಬುಷ್‌ನ (ಬೋಲ್ಟಿನ ಸುತ್ತಲಿನ ರಬ್ಬರ್ ಉಂಗುರದ) ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗಲೇ ಬಿಗಿದರೆ, ಕಾರು ನೆಲಕ್ಕಿಳಿದ ಮೇಲೆ ಆ ಬುಷ್ ಸದಾ ತಿರುಚಿಕೊಂಡೇ ಇರುತ್ತದೆ. ಆದ್ದರಿಂದ ಇನ್ನು ಮುಂದೆ, ಮೇಲಿನ ನಟ್‌ಗೆ ಟಾರ್ಕ್ ರೆಂಚ್ (ಬಿಗಿತ ಅಳೆದು ತಿರುಗಿಸುವ ಪಾನಾ) ಮಾತ್ರ. ಕೆಳಗಿನ ಬೋಲ್ಟಿನ ಕೊನೆಯ ಬಿಗಿತ ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ. ಶಾಕ್ ಬದಲಿಸಬೇಕಾಗಿ ಬಂದರೆ ಎಡಬಲ ಎರಡನ್ನೂ ಬದಲಿಸುತ್ತೇವೆ, ಒಂದನ್ನೇ ಹಾಕಿಕೊಡುವುದಿಲ್ಲ.

ತಪಾಸಣೆಯಲ್ಲಿ ಎರಡೂ ಬದಿಯ ಎತ್ತರವನ್ನು ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಅಳೆಯುತ್ತೇವೆ. ಡಿಕ್ಕಿಯ ಒಳಹೊದಿಕೆ ತೆಗೆದು, ಒಬ್ಬರು ಕಾರನ್ನು ಕುಲುಕಿಸುವಾಗ ಇನ್ನೊಬ್ಬರು ಮೌಂಟ್ ಮೇಲೆ ಬೆರಳಿಟ್ಟು ನೋಡುತ್ತೇವೆ. ಸಡಿಲವಿದ್ದರೆ ಕಿವಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ರಾಡ್‌ಗೆ ಪ್ಲಾಸ್ಟಿಕ್ ಟೈ ಕಟ್ಟಿ ಓಡಿಸಿದರೆ ಶಾಕ್ ಎಲ್ಲಿಯವರೆಗೆ ಒಳಗೆ ಹೋಗುತ್ತಿದೆ ಎಂಬುದೂ ಗೊತ್ತಾಗುತ್ತದೆ. ಸದ್ದು ಸ್ಟೆಪ್ನಿಯದೋ ಸಡಿಲ ಜಾಕ್‌ನದೋ ಆಗಿದ್ದರೆ ತಪಾಸಣೆಯ ಹಣ ತೆಗೆದುಕೊಳ್ಳುವುದಿಲ್ಲ. ಹೀಗಾಗುವುದು ನೀವು ಅಂದುಕೊಂಡಷ್ಟು ಅಪರೂಪವಲ್ಲ.

ಕರಾವಳಿಯಲ್ಲಿ ಓಡಿದ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಪ್ರತ್ಯೇಕವಾಗಿ ಒಂದು ಮಾತು. ಮೌಂಟ್ ಕೂರುವ ತಗಡೇ ಉಪ್ಪುಗಾಳಿಗೆ ತುಕ್ಕು ತಿಂದಿದ್ದರೆ ನಾವು ರಬ್ಬರ್ ಮುಟ್ಟುವುದಿಲ್ಲ. ಮೊದಲು ತುಕ್ಕು ಕತ್ತರಿಸಿ, ಹೊಸ ತಗಡು ವೆಲ್ಡಿಂಗ್ ಮಾಡಿಸಬೇಕು. ಅಲ್ಲಿಯವರೆಗೆ ಆ ಕಾರನ್ನು ದೂರದ ಊರಿಗೆ ಒಯ್ಯಬೇಡಿ.

ತೆಗೆದ ಹಳೆಯ ಸಾಮಾನುಗಳನ್ನು ಚೀಲದಲ್ಲಿ ಹಾಕಿ ನಿಮಗೇ ಕೊಡುತ್ತೇವೆ. ಬೆಳಿಗ್ಗೆ 10ರೊಳಗೆ ಕಾರು ತಂದರೆ ಸಂಜೆಗೆ ಉತ್ತರ ಸಿಗುತ್ತದೆ. ಬರುವ ಮುನ್ನ ಅಡಿಭಾಗ ತೊಳೆಸಬೇಡಿ, ಎಣ್ಣೆ ಸೋರಿದ ಗುರುತು ನಮಗೆ ಬೇಕು. ಡಿಕ್ಕಿಯನ್ನೂ ಖಾಲಿ ಮಾಡಬೇಡಿ. ದಿನವೂ ಎಷ್ಟು ಭಾರ ಹೊತ್ತು ಓಡಾಡುತ್ತೀರೋ ಅಷ್ಟನ್ನೇ ಇಟ್ಟುಕೊಂಡು ಬನ್ನಿ.

ಇತಿ ನಿಮ್ಮ ವಿಶ್ವಾಸಿಗಳು,
ಗ್ಯಾರೇಜಿನ ಮಾಲೀಕರು ಮತ್ತು ಮೆಕ್ಯಾನಿಕ್‌ಗಳು
ಗೋಕುಲ ರಸ್ತೆ, ಹುಬ್ಬಳ್ಳಿ