ಇವತ್ತು ಜುಲೈ 1, ವಾಚಿನ ತಾರೀಖು ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಜೂನ್‌ಗೆ 30 ದಿನ ಅಲ್ವಾ, ತಾರೀಖಿನ ವಾಚು ಇವತ್ತು 31 ತೋರಿಸುತ್ತಿರುತ್ತದೆ. ಸರಿ ಮಾಡಿಕೊಳ್ಳಿ. ಒಳಗಿನ ಚಕ್ರದಲ್ಲಿ 31 ಅಂಕಿ ಇರುತ್ತವೆ, ತಿಂಗಳು ಚಿಕ್ಕದೋ ದೊಡ್ಡದೋ ಅದಕ್ಕೆ ಗೊತ್ತಾಗುವುದಿಲ್ಲ. ವರ್ಷಕ್ಕೆ 5 ಸಲ ಈ ಕೆಲಸ ಇದ್ದೇ ಇರುತ್ತದೆ.

ಹಳೆಯ ವಾಚಾದರೆ ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ ತಾರೀಖಿಗೆ ಕೈ ಹಾಕಬೇಡಿ. ಆಗ ಚಕ್ರದ ಹಲ್ಲುಗಳು ಕಚ್ಚಿಕೊಂಡಿರುತ್ತವೆ, ಬಲವಂತ ಮಾಡಿದರೆ ಮುರಿಯಬಹುದು. ಮುಳ್ಳನ್ನು 6ಕ್ಕೆ ತಂದು ಆಮೇಲೆ ತಿರುಗಿಸಿ.

ವಾಚಿನಲ್ಲಿ ತಾರೀಖು ಬೇಕಾ ಬೇಡ್ವಾ ಅಂತ ನಿನ್ನೆ ನಮ್ಮ ಗುಂಪಿನಲ್ಲಿ ಜೋರು ಮಾತಾಯಿತಲ್ಲ, ನನ್ನ ಓಟು ಬೇಡ ಅನ್ನುವವರಿಗೆ. ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ತುಮಕೂರಿನವರು ನಾವು. ಅಪ್ಪನ ಎಚ್‌ಎಂಟಿ ‘ಜನತಾ’ ವಾಚು ಈಗಲೂ ನನ್ನ ಕೈಯಲ್ಲಿದೆ. ಬಿಳಿ ಮುಖ, ಮೂರು ಮುಳ್ಳು, ಅಷ್ಟೇ. ನಾಲ್ಕು ದಿನ ಬೀರುವಿನಲ್ಲಿ ನಿಂತಿದ್ದರೂ ಕೀ ಕೊಟ್ಟು ಟೈಮ್ ಇಟ್ಟರೆ ಸಾಕು, ಹೊರಡಬಹುದು. 3ರ ಅಂಕಿ ತೆಗೆದು ಅಲ್ಲಿ ತಾರೀಖಿನ ಕಿಟಕಿ ಇಟ್ಟರೆ ಆ ಮುಖದ ಅಂದವೇ ಹೋಗುತ್ತದೆ.

ದಿನವಿಡೀ ಚಲನ್, ರಸೀದಿ ಬರೆಯುವವರಿಗೆ ಮಾತ್ರ ತಾರೀಖು ಬೇಕೇ ಬೇಕು, ಒಪ್ಪುತ್ತೇನೆ. ಭಾನುವಾರ ಅಮಾನಿಕೆರೆ ಹತ್ತಿರ ಸೇರುವಾಗ ಎರಡೂ ಥರದ್ದು ತನ್ನಿ.